ಸರಪಣಿಯ ಸವೆತ

ಮಾಲೂರು ತಾಲ್ಲೂಕಿನ ಶಿವಾರಪಟ್ಟಣವೆಂದೊಡನೆ ಶಿಲ್ಪಿಗಳ ಉಳಿಯ ಸದ್ದು ನಮ್ಮ ಕಿವಿಗೆ ಬಂದಂತಾಗುತ್ತದೆ. ದೇವಾಲಯಗಳಿಗೆ ವಿಗ್ರಹಗಳನ್ನು ಕಡೆದುಕೊಡುವ ಮನೆತನಗಳು ನೆಲೆಸಿರುವ ಊರು ಅದು. ಬಳಪದ ಕಲ್ಲಿನ ಮೇಲೆ ದಿನವೆಲ್ಲ ಆಡಿದರೂ ಮೊನೆ ಕೆಡದ ಉಳಿ, ಗ್ರಾನೈಟು ಕಲ್ಲಿಗೆ ಬಂದೊಡನೆ ಬೇಗನೆ ಮೊಂಡಾಗುವುದನ್ನು ಅಲ್ಲಿ ಯಾರೂ ವಿವರಿಸಿ ಹೇಳಬೇಕಾದುದಿಲ್ಲ. ಗ್ರಾನೈಟಿನಲ್ಲಿ ಬೆಣಚುಕಲ್ಲಿನ ಹರಳುಗಳು ಬೆರೆತಿರುವುದೇ ಇದಕ್ಕೆ ಕಾರಣ. ಖನಿಜಗಳ ಗಡಸುತನವನ್ನು ಒಂದರಿಂದ ಹತ್ತರವರೆಗೆ ಎಣಿಸುವ ಮೋಸ್ ಮಾಪನದಲ್ಲಿ ಬಳಪಕ್ಕೆ 1, ಬೆಣಚಿಗೆ 7. ಕಾಯಿಸಿ ಹದಗೊಳಿಸಿದ ಉಕ್ಕಿನ ಮೈಯನ್ನೂ ಅದು ಗೀರಬಲ್ಲುದು.

ಈ ಬೆಣಚು ಶಿಲ್ಪಿಯ ಅಂಗಳದಲ್ಲಿ ಮಾತ್ರ ಇರುವುದಲ್ಲ. ಕೋಲಾರದ ಸೀಮೆಯ ಬಂಡೆಗಳು ಬಿಸಿಲು ಮಳೆಗಳಿಗೆ ಸಿಕ್ಕಿ ಎಷ್ಟೋ ಕಾಲದಿಂದ ಪುಡಿಯಾಗುತ್ತ ಬಂದು, ಕೆಂಪು ಮಣ್ಣಿನಲ್ಲಿಯೂ ಹಳ್ಳದ ಮರಳಿನಲ್ಲಿಯೂ ಗಾಡಿಯ ಜಾಡಿನ ಧೂಳಿನಲ್ಲಿಯೂ ಅದೇ ಹರಳನ್ನು ಹರಡಿವೆ. ಈ ಜಾಡುಗಳ ಮೇಲೆ ಇತ್ತೀಚಿನ ವರ್ಷಗಳಲ್ಲಿ ಒಂದು ಹೊಸ ಬಗೆಯ ವಾಹನ ಕಾಣಿಸಿಕೊಂಡಿದೆ. ಡರ್ಟ್ ಬೈಕು ಎಂದು ಯುವಕರು ಕರೆಯುವ, ಡಾಂಬರಿನ ರಸ್ತೆಯನ್ನು ಬಿಟ್ಟು ಗುಡ್ಡ, ಕೆರೆಯಂಗಳ, ಕಲ್ಲುಹಾದಿಗಳಲ್ಲಿ ಓಡುವ ಮೋಟಾರು ಸೈಕಲ್ಲು ಅದು. 2015ರಲ್ಲಿ ದಕ್ಷಿಣ ಅಮೆರಿಕೆಯ ಮರುಭೂಮಿಗಳಲ್ಲಿ ನಡೆದ ಡಾಕರ್ ರ‍್ಯಾಲಿಯನ್ನು 36ನೆಯವರಾಗಿ ಮುಗಿಸಿ, ಆ ಓಟವನ್ನು ಪೂರೈಸಿದ ಮೊದಲ ಭಾರತೀಯರೆನಿಸಿದ ಬೆಂಗಳೂರಿನ ಸಿ. ಎಸ್. ಸಂತೋಷ್ ಅವರು, ಈ ವಿದ್ಯೆಯನ್ನು ಕಲಿಸುವುದಕ್ಕೆಂದು ಬಿಗ್ ರಾಕ್ ಎಂಬ ಅಂಗಳವನ್ನು ಸ್ಥಾಪಿಸಿದುದು ಕೋಲಾರದ ಕಡೆಯಲ್ಲಿಯೇ. ರಜೆಯ ದಿನ ಬೆಂಗಳೂರಿನಿಂದ ಹೊರಟು ಈ ಜಾಡುಗಳಿಗೆ ಬರುವವರಲ್ಲಿ ನಮ್ಮ ಶ್ರೋತೃಗಳ ಮಕ್ಕಳೂ ಇರಬಹುದು. ಅವರ ಎಂಜಿನು ಎಷ್ಟು ಸಿ. ಸಿ.ಯದೆಂದು ಕೇಳಿದರೆ ತಟ್ಟನೆ ಉತ್ತರ ಬರುತ್ತದೆ. ಚೈನನ್ನು ಕಡೆಯ ಬಾರಿ ಅಳೆದುದು ಯಾವಾಗ ಎಂದು ಕೇಳಿದರೆ, ಚೈನನ್ನು ಅಳೆಯುವುದು ಉಂಟೆ ಎಂದು ನಮ್ಮನ್ನೇ ಕೇಳುವರು. ಈ ಹೊತ್ತಿನ ಮಾತು ಆ ಅಳತೆಯನ್ನು ಕುರಿತದ್ದು.

ಮೊದಲು ಸರಪಣಿಯ ರಚನೆಯನ್ನು ನೋಡೋಣ. ನಾವು ಇಂದು ಬಳಸುವ ರೋಲರು ಚೈನು, ಸ್ವಿಟ್ಸರ್ಲೆಂಡಿನಲ್ಲಿ ಹುಟ್ಟಿ ಮ್ಯಾಂಚೆಸ್ಟರಿನಲ್ಲಿ ನೆಲೆಸಿದ ಹ್ಯಾನ್ಸ್ ರೆನಾಲ್ಡ್ ಎಂಬಾತನು 1880ರಲ್ಲಿ ಹಕ್ಕುಪತ್ರ ಪಡೆದ ರಚನೆಯಿಂದ ಬಂದುದು. ಹೊರಗೆ ಎರಡು ತಗಡು, ಅವುಗಳನ್ನು ಹಿಡಿದಿರುವ ಪಿನ್ನು. ಒಳಗೆ ಎರಡು ತಗಡು, ಅವುಗಳ ನಡುವೆ ಬುಷ್ಷು ಎಂಬ ಸಣ್ಣ ಕೊಳವೆ. ಬುಷ್ಷಿನ ಮೇಲೆ ಸಡಿಲವಾಗಿ ಸುತ್ತುವ ರೋಲರು. ಒಂದು ಹೊರಕೊಂಡಿ, ಒಂದು ಒಳಕೊಂಡಿ, ಹೀಗೆ ಒಂದಾದ ಮೇಲೊಂದು ಬರುತ್ತವೆ. ಹಲ್ಲುಚಕ್ರದ ಹಲ್ಲಿಗೆ ತಾಗುವುದು ರೋಲರು. ಆದರೆ ಕೊಂಡಿ ಮಡಿಸಿಕೊಳ್ಳುವಾಗ ಉಜ್ಜಾಟ ನಡೆಯುವುದು ಪಿನ್ನಿಗೂ ಬುಷ್ಷಿಗೂ ನಡುವೆ, ಕಣ್ಣಿಗೆ ಕಾಣದ ಒಳಗಡೆಯಲ್ಲಿ.

ಮುಂದಿನ ಚಕ್ರಕ್ಕೆ 13 ಹಲ್ಲು, ಹಿಂದಿನದಕ್ಕೆ 50 ಹಲ್ಲು ಎಂದಿಟ್ಟುಕೊಳ್ಳಿ. ಪ್ರತಿಯೊಂದು ಕೀಲೂ ಮುಂದಿನ ಚಕ್ರವನ್ನು ಏರುವಾಗ ಸುಮಾರು 28 ಡಿಗ್ರಿಯಷ್ಟು ಮಡಿಸಿ, ಇಳಿಯುವಾಗ ಮತ್ತೆ ನೆಟ್ಟಗಾಗುತ್ತದೆ. ಹಿಂದಿನ ಚಕ್ರದಲ್ಲಿ ಈ ಮಡಿಕೆ ಏಳು ಡಿಗ್ರಿಗಿಂತ ತುಸು ಹೆಚ್ಚು, ಅಷ್ಟೆ. ಎಂಜಿನಿನ ಎಳೆತದ ಭಾರವನ್ನು ಹೊತ್ತುಕೊಂಡೇ ಪಿನ್ನು ಬುಷ್ಷಿನೊಳಗೆ ಹೀಗೆ ಒಂದೊಂದು ಸುತ್ತಿಗೂ ಹೊರಳಬೇಕು. ಅಲ್ಲಿ ಶುದ್ಧವಾದ ಗ್ರೀಸು ಇರುವ ತನಕ ಸವೆತ ಬಹು ನಿಧಾನ. ಗ್ರೀಸು ಹೋಗಿ ಬೆಣಚಿನ ಧೂಳು ಒಳಹೊಕ್ಕಿತೆಂದರೆ, ಎಣ್ಣೆಯೂ ಹರಳೂ ಕಲೆತು ಸಾಣೆಯ ಮಸಿಯಂತಾಗಿ, ಗಾಡಿ ಓಡುವಷ್ಟು ಹೊತ್ತೂ ಆ ಕೀಲನ್ನು ಅರೆಯುತ್ತಲೇ ಇರುತ್ತದೆ.

ಚೈನು ಎಳೆದು ಎಳೆದು ಉದ್ದವಾಯಿತು ಎಂದು ಜನ ಹೇಳುವುದುಂಟು. ಉಕ್ಕಿನ ತಗಡು ರಬ್ಬರಿನ ಹಾಗೆ ಹಿಗ್ಗುವುದಿಲ್ಲ. ಪಿನ್ನು ಒಂದು ಪಕ್ಕಕ್ಕೆ ಸವೆದು, ಬುಷ್ಷಿನ ರಂಧ್ರವೂ ಸವೆದು, ಎರಡರ ನಡುವೆ ಆದ ಸಡಿಲವೆಲ್ಲ ಕೂಡಿ ಉದ್ದವಾಗಿ ತೋರುತ್ತದೆ. ಕಪಿಲೆಯ ಕಾಲದಲ್ಲಿ ಮಿಣಿ ಸವೆದರೆ ರೈತನಿಗೆ ಅದು ಹೊರಗೇ ಕಾಣುತ್ತಿತ್ತು. ಎಳೆ ಹರಿದುದನ್ನು ನೋಡಿ ಬದಲಾಯಿಸುತ್ತಿದ್ದನು. ಚೈನು ಅಂಥ ಸುಳಿವನ್ನು ಕೊಡುವುದಿಲ್ಲ. ಹೊರಗಿನಿಂದ ತೊಳೆದು ಒರಸಿ ಹೊಳೆಯುವಂತೆ ಮಾಡಿದ ಚೈನು ಒಳಗೆ ಪೂರ್ತಿ ಮುಗಿದುಹೋಗಿರಬಹುದು. ಆದುದರಿಂದಲೇ ಅಳತೆ ಬೇಕು. ಕೋಲಾರದ ಚಿನ್ನದ ಗಣಿ 2001ರಲ್ಲಿ ಮುಚ್ಚಿತು. ಅದು ನಡೆಯುತ್ತಿದ್ದ ದಿನಗಳಲ್ಲಿ ಜನರನ್ನು ಇಳಿಸಿ ಏರಿಸುತ್ತಿದ್ದ ಉಕ್ಕಿನ ಹಗ್ಗಗಳನ್ನು ಕಾಲಕಾಲಕ್ಕೆ ಪರೀಕ್ಷಿಸುವುದು ಗಣಿಯ ಕಟ್ಟಳೆಯಾಗಿತ್ತು. ಒಬ್ಬ ಸವಾರನ ಪ್ರಾಣ ನೇತುಹಾಕಿಕೊಂಡಿರುವ ಸರಪಣಿಗೆ ಒಂದು ಅಡಿಪಟ್ಟಿಯ ಮರ್ಯಾದೆಯಾದರೂ ಸಲ್ಲಬೇಡವೆ?

ಅಳೆಯುವ ಕ್ರಮ ಹೀಗೆ. ಎಂಜಿನು ನಿಂತಿರಬೇಕು, ಕೀಲಿಕೈ ತೆಗೆದು ಜೇಬಿನಲ್ಲಿರಬೇಕು, ಗೇರು ನ್ಯೂಟ್ರಲಿನಲ್ಲಿರಬೇಕು, ಹಿಂದಿನ ಗಾಲಿ ನೆಲದಿಂದ ಮೇಲಕ್ಕಿರುವಂತೆ ಗಾಡಿಯನ್ನು ಸ್ಟ್ಯಾಂಡಿನ ಮೇಲೆ ನಿಲ್ಲಿಸಬೇಕು. ಈ ಮಾತನ್ನು ನಾನು ಔಪಚಾರಿಕವಾಗಿ ಹೇಳುತ್ತಿಲ್ಲ. ಎಂಜಿನನ್ನು ಓಡಲು ಬಿಟ್ಟು, ತಿರುಗುವ ಚೈನಿಗೆ ಬಟ್ಟೆ ಹಿಡಿದು ಒರಸುವ ಚಾಳಿ ಹಲವರಲ್ಲಿದೆ. ಬಟ್ಟೆಯ ಅಂಚು ಹಲ್ಲಿಗೆ ಸಿಕ್ಕಿತೆಂದರೆ ಬೆರಳು ಅದರ ಹಿಂದೆಯೇ ಹೋಗುತ್ತದೆ; ಕೈಯನ್ನು ಹಿಂದಕ್ಕೆ ಎಳೆದುಕೊಳ್ಳುವಷ್ಟು ಅವಕಾಶವಿರುವುದಿಲ್ಲ. ಗಾಲಿಯನ್ನು ಕೈಯಿಂದಲೇ ತಿರುಗಿಸಬೇಕು. ಕೆಳಗಿನ ಎಳೆಯನ್ನು ಒರಸುವಾಗ ಗಾಲಿಯನ್ನು ಹಿಮ್ಮುಖವಾಗಿ ತಿರುಗಿಸಿದರೆ, ಚೈನು ಹಿಂದಿನ ಹಲ್ಲುಚಕ್ರದಿಂದ ದೂರಕ್ಕೆ ಸಾಗುವುದರಿಂದ ಕೈಗೆ ಅಪಾಯ ಕಡಮೆ.

ಚೈನು ಶುದ್ಧವಾದ ಮೇಲೆ ಅದನ್ನು ಬಿಗಿಯಾಗಿ ಎಳೆದು ಹಿಡಿದು, ಒಂದು ಪಿನ್ನಿನ ನಡುವಿನಿಂದ ಆರಂಭಿಸಿ, ಇಪ್ಪತ್ತು ಕೊಂಡಿಗಳನ್ನು ದಾಟಿ, ಇಪ್ಪತ್ತೊಂದನೆಯ ಪಿನ್ನಿನ ನಡುವಿಗೆ ಅಳೆಯಬೇಕು. ಚೈನಿನ ಮೈಮೇಲೆ 428, 520 ಎಂಬಂಥ ಅಂಕಿಗಳಿರುವುವು. ಮೊದಲ ಅಂಕಿ, ಪಿನ್ನಿನಿಂದ ಪಿನ್ನಿಗೆ ಇರುವ ಅಂತರ ಅಂಗುಲದ ಎಂಟನೆಯ ಎಷ್ಟು ಭಾಗ ಎಂಬುದನ್ನು ತಿಳಿಸುತ್ತದೆ. ಸಣ್ಣ ಗಾಡಿಗಳಲ್ಲಿ ಸಾಮಾನ್ಯವಾದ 428ಕ್ಕೆ ಅರ್ಧ ಅಂಗುಲ, ಅಂದರೆ 12.7 ಮಿಲಿಮೀಟರು, 250, 450 ಸಿ. ಸಿ.ಯ ಪಂದ್ಯದ ಗಾಡಿಗಳಲ್ಲಿ ಬರುವ 520ಕ್ಕೆ 15.875 ಮಿಲಿಮೀಟರು. ಹೊಸ 428 ಚೈನಿನ ಇಪ್ಪತ್ತು ಕೊಂಡಿ 254 ಮಿಲಿಮೀಟರು, ಹೊಸ 520ರ ಇಪ್ಪತ್ತು ಕೊಂಡಿ 317.5 ಮಿಲಿಮೀಟರು ಇರುತ್ತದೆ. ಮೊದಲನೆಯದು 259ನ್ನೂ ಎರಡನೆಯದು 323ನ್ನೂ ಮುಟ್ಟಿದರೆ ಅದರ ಆಯುಸ್ಸು ತೀರಿತೆಂದು ತಿಳಿಯಬೇಕು. ಗಾಡಿಯ ಕೈಪಿಡಿ ಇದಕ್ಕಿಂತ ಬಿಗಿಯಾದ ಮಿತಿಯನ್ನು ಹೇಳಿದ್ದರೆ ಅದೇ ಪ್ರಮಾಣ.

ಐದು ಮಿಲಿಮೀಟರಿಗೆ ಇಷ್ಟು ಗಲಾಟೆಯೆ ಎಂದು ಕೇಳುವವರು ಲೆಕ್ಕ ಮಾಡಿ ನೋಡಬೇಕು. ಇಪ್ಪತ್ತು ಕೀಲುಗಳಲ್ಲಿ ಐದು ಮಿಲಿಮೀಟರು ಎಂದರೆ ಒಂದೊಂದರಲ್ಲಿ ಕಾಲು ಮಿಲಿಮೀಟರು. ಹೊಸ ಚೈನು ಹಲ್ಲುಚಕ್ರವನ್ನು ಅಪ್ಪಿಕೊಂಡಾಗ ಭಾರವನ್ನು ಹಲವು ಹಲ್ಲುಗಳು ಹಂಚಿಕೊಳ್ಳುತ್ತವೆ. ಕೊಂಡಿಯ ಅಂತರ ಹಲ್ಲಿನ ಅಂತರಕ್ಕಿಂತ ಹೆಚ್ಚಿದರೆ ಈ ಹಂಚಿಕೆ ತಪ್ಪಿ, ರೋಲರುಗಳು ಹಲ್ಲಿನ ಬುಡದಲ್ಲಿ ಕೂರದೆ ತುದಿಯ ಕಡೆಗೆ ಏರತೊಡಗುತ್ತವೆ. ಹೊರೆಯೆಲ್ಲ ಒಂದೆರಡು ಹಲ್ಲುಗಳ ಮೇಲೆ ಬೀಳುತ್ತದೆ. ಹಲ್ಲು ಒಂದು ಕಡೆಗೆ ಬಾಗಿದ ಕೊಕ್ಕೆಯಂತಾಗುವುದು ಹೀಗೆ.

ಒಂದೇ ಕಡೆ ಅಳೆದರೆ ಸಾಲದು. ಗಾಲಿಯನ್ನು ತಿರುಗಿಸಿ ಮೂರು ನಾಲ್ಕು ಕಡೆ ಅಳೆದು, ಬಂದುದರಲ್ಲಿ ದೊಡ್ಡದನ್ನು ಲೆಕ್ಕಕ್ಕೆ ಹಿಡಿಯಬೇಕು. ಚೈನು ಎಲ್ಲ ಕಡೆಯಲ್ಲಿಯೂ ಒಂದೇ ಸಮನಾಗಿ ಸವೆಯುವುದಿಲ್ಲ. ಅಳತೆಯ ಸಲಕರಣೆ ಕೈಯಲ್ಲಿಲ್ಲದಾಗ ಮತ್ತೊಂದು ಪರೀಕ್ಷೆಯುಂಟು: ಹಿಂದಿನ ಹಲ್ಲುಚಕ್ರದ ಹಿಂಬದಿಯ ಮಧ್ಯದಲ್ಲಿ ಚೈನನ್ನು ಬೆರಳಿನಿಂದ ಹಿಂದಕ್ಕೆ ಎಳೆಯಿರಿ. ಹೊಸ ಚೈನು ಅಲ್ಲಾಡದು. ಅರ್ಧ ಹಲ್ಲು ಕಾಣುವಷ್ಟು ಅದು ಎದ್ದು ಬಂದರೆ ಬೇರೆ ಸಾಕ್ಷ್ಯ ಬೇಡ.

ಅಳತೆಯೊಡನೆ ಕಣ್ಣಿನ ಪರೀಕ್ಷೆಯೂ ನಡೆಯಲಿ. ನೆಟ್ಟಗಿರಬೇಕಾದ ಕಡೆ ಮಡಿಸಿಕೊಂಡೇ ನಿಂತ ಕೊಂಡಿ ಕಂಡರೆ ಅದರ ಕೀಲಿನೊಳಗೆ ತುಕ್ಕು ಹಿಡಿದಿದೆ ಎಂದರ್ಥ. ಒಡೆದ ರೋಲರು, ಬಿರುಕು ಬಿಟ್ಟ ತಗಡು, ತಲೆ ತಿರುಗಿದ ಪಿನ್ನು, ಇವುಗಳಲ್ಲಿ ಯಾವುದೊಂದು ಕಂಡರೂ ಗಾಡಿಯನ್ನು ಹೊರಡಿಸಬಾರದು. ಈಗಿನ ಅನೇಕ ಚೈನುಗಳಲ್ಲಿ ಒಳತಗಡಿಗೂ ಹೊರತಗಡಿಗೂ ನಡುವೆ ಸಣ್ಣ ರಬ್ಬರಿನ ಬಳೆಗಳಿರುತ್ತವೆ. ಕಾರ್ಖಾನೆಯಲ್ಲಿ ತುಂಬಿದ ಗ್ರೀಸನ್ನು ಪಿನ್ನಿನ ಬಳಿ ಹಿಡಿದಿಟ್ಟು ಧೂಳನ್ನು ಹೊರಗೆ ತಡೆಯುವುದು ಇವುಗಳ ಕೆಲಸ. ಈ ಬಳೆ ಒಂದು ಕಡೆ ಹರಿದು ಹೋಯಿತೆಂದರೆ ಆ ಕೀಲು ಮಾತ್ರ ಉಳಿದವುಗಳಿಗಿಂತ ಬೇಗ ಸಾಯುತ್ತದೆ. ಹಿಂದೋಳಿನ ಮೇಲಿರುವ, ಚೈನು ಉಜ್ಜಿಕೊಂಡು ಹೋಗುವ ರಬ್ಬರಿನ ಪಟ್ಟಿಯನ್ನೂ ನೋಡುವುದು ಮರೆಯಬಾರದು. ಅದು ತೂತಾದ ಮೇಲೆ ಚೈನು ಗರಗಸದಂತೆ ಅಲ್ಯುಮಿನಿಯಮ್ ತೋಳನ್ನೇ ಕೊಯ್ಯುತ್ತದೆ. ಪಟ್ಟಿಯ ಬೆಲೆಗೂ ತೋಳಿನ ಬೆಲೆಗೂ ಹೋಲಿಕೆಯೇ ಇಲ್ಲ.

ಹಲ್ಲುಚಕ್ರಗಳಲ್ಲಿ ಮೊದಲು ನೋಡತಕ್ಕದ್ದು ಮುಂದಿನದನ್ನು. ಅದು ಮುಚ್ಚಳದ ಮರೆಯಲ್ಲಿರುವುದರಿಂದ ಅನೇಕರು ಅದನ್ನು ಬಿಟ್ಟೇ ಬಿಡುವರು. ಹಿಂದಿನ ಚಕ್ರ ಒಂದು ಸುತ್ತು ಬರುವಷ್ಟರಲ್ಲಿ ಮುಂದಿನದು ಹೆಚ್ಚುಕಡಮೆ ನಾಲ್ಕು ಸುತ್ತು ಬಂದಿರುವುದರಿಂದ ಅದರ ಹಲ್ಲುಗಳಿಗೆ ಕೆಲಸವೂ ನಾಲ್ಕು ಪಟ್ಟು. ಇಲ್ಲಿ ಒಂದು ಸ್ವಾರಸ್ಯದ ಸಂಗತಿಯಿದೆ. ಪಿನ್ನು ಸವೆದಾಗ ಉದ್ದವಾಗುವುದು ಹೊರಕೊಂಡಿಯ ಅಂತರ ಮಾತ್ರ. ಒಳಕೊಂಡಿಯ ಎರಡು ಬುಷ್ಷುಗಳ ಅಂತರ ಹಾಗೆಯೇ ಉಳಿಯುತ್ತದೆ. ಚೈನಿನ ಕೊಂಡಿಗಳ ಸಂಖ್ಯೆ ಸಾಮಾನ್ಯವಾಗಿ ಸಮಸಂಖ್ಯೆ. ಚಕ್ರದ ಹಲ್ಲುಗಳೂ ಸಮಸಂಖ್ಯೆಯಾದರೆ ಒಂದು ಹಲ್ಲಿಗೆ ಯಾವಾಗಲೂ ಒಂದೇ ಬಗೆಯ ಕೊಂಡಿ ಬೀಳುತ್ತಿರುತ್ತದೆ. 13, 15ರಂತೆ ಬೆಸವಾದರೆ ಒಂದು ಸುತ್ತಿನಲ್ಲಿ ಹೊರಕೊಂಡಿ, ಮರುಸುತ್ತಿನಲ್ಲಿ ಒಳಕೊಂಡಿ ಬಂದು ಸವೆತ ಹರಡಿಕೊಳ್ಳುತ್ತದೆ. ಮುಂದಿನ ಚಕ್ರಕ್ಕೆ ಬೆಸಸಂಖ್ಯೆ ಒಳ್ಳೆಯದೆನ್ನುವುದು ಈ ಕಾರಣದಿಂದ.

ಇನ್ನು ರಿಪೇರಿಯ ವಿಷಯ. ಗ್ಯಾರೇಜಿಗೆ ಹೋಗಿ ಚೈನು ಸಡಿಲವಾಗಿದೆ ಎಂದರೆ ಮೆಕ್ಯಾನಿಕನು ಹಿಂದಿನ ಗಾಲಿಯ ಅಚ್ಚನ್ನು ಹಿಂದಕ್ಕೆ ಸರಿಸಿ ಬಿಗಿಮಾಡಿಕೊಡುತ್ತಾನೆ. ಅದು ಸರಿ. ಕೆಲವು ಕಾಲವಾದ ಮೇಲೆ ಅಚ್ಚು ಸರಿಯುವ ಜಾಗ ಮುಗಿಯುತ್ತದೆ. ಆಗ ಬರುವ ಸಲಹೆ: “ಲಿಂಕು ಕಟ್ ಮಾಡ್ಬಿಡೋಣ ಸಾರ್, ಇನ್ನೊಂದು ವರ್ಷ ಓಡುತ್ತೆ.” ಹೊಸ ಚೈನು, ಹೊಸ ಹಲ್ಲುಚಕ್ರಗಳ ವೆಚ್ಚ ಉಳಿಯಿತೆಂದು ನಾವೂ ಒಪ್ಪಿಬಿಡುತ್ತೇವೆ. ಅವನ ಮಾತಿನಲ್ಲಿ ವಂಚನೆಯಿಲ್ಲ. ಗಿರಾಕಿಯ ಜೇಬಿನ ಮೇಲೆ ಕನಿಕರವೇ ಇದೆ. ಆದರೂ ಲೆಕ್ಕ ಒಪ್ಪುವುದಿಲ್ಲ. ಒಳಕೊಂಡಿ ಹೊರಕೊಂಡಿಗಳು ಜೋಡಿಯಾಗಿರುವುದರಿಂದ ತೆಗೆದರೆ ಎರಡನ್ನು ತೆಗೆಯಬೇಕು. 428ರಲ್ಲಿ ಅದು 25.4 ಮಿಲಿಮೀಟರು. 120 ಕೊಂಡಿಯ ಚೈನಿನ ಉದ್ದ 1524 ಮಿಲಿಮೀಟರು. ಸವೆತದಿಂದ ಬಂದ ಹೆಚ್ಚಳ ಒಂದು ಜೋಡಿಯಷ್ಟು ಆಗಿದೆ ಎಂದರೆ ಚೈನು ನೂರಕ್ಕೆ 1.67ರಷ್ಟು ಬೆಳೆದಿದೆ. ಮೇಲೆ ಹೇಳಿದ ಮಿತಿಯನ್ನು ಈ ಲೆಕ್ಕಕ್ಕೆ ತಂದರೆ ನೂರಕ್ಕೆ ಎರಡಕ್ಕಿಂತ ತುಸು ಕಡಮೆ. ಎಂದರೆ ಕೊಂಡಿ ಕತ್ತರಿಸುವಷ್ಟು ಉದ್ದವಾದ ಚೈನು ಆ ವೇಳೆಗೆ ಮಿತಿಯ ಹೊಸ್ತಿಲಿಗೆ ಬಂದು ನಿಂತಿರುತ್ತದೆ. ಎರಡು ಕೊಂಡಿ ತೆಗೆದುದರಿಂದ ಉಳಿದ 118 ಕೀಲುಗಳಲ್ಲಿ ಒಂದರ ಸವೆತವೂ ಕಡಮೆಯಾಗಲಿಲ್ಲ. ಸಡಿಲವೆಂಬ ಎಚ್ಚರಿಕೆ ಮಾತ್ರ ಅಡಗಿಹೋಯಿತು.

ಅಂಥ ಚೈನು ಬಂಡೆಯ ಏರಿನಲ್ಲಿ, ಪೂರ್ತಿ ಎಳೆತದಲ್ಲಿ ಇರುವಾಗ ಹರಿದರೆ ಆಗುವುದೇನು? ಹರಿದ ತುದಿ ಹಿಂದಕ್ಕೆ ಬಿದ್ದರೆ ಅದೃಷ್ಟ. ಮುಂದಿನ ಹಲ್ಲುಚಕ್ರಕ್ಕೆ ಸುತ್ತಿಕೊಂಡರೆ ಎಂಜಿನಿನ ಹೊರಕವಚವನ್ನು ಒಡೆದು, ಒಳಗಿನ ಎಣ್ಣೆಯೆಲ್ಲ ಕಲ್ಲಿನ ಮೇಲೆ ಹರಿಯುತ್ತದೆ. ಹಿಂದಿನ ಗಾಲಿಗೂ ತೋಳಿಗೂ ನಡುವೆ ಸಿಕ್ಕಿಕೊಂಡರೆ ಓಡುತ್ತಿರುವ ಗಾಲಿ ಅಲ್ಲಿಯೇ ಬಿಗಿದು ನಿಲ್ಲುತ್ತದೆ, ಸವಾರ ಎತ್ತ ಬೀಳುವನೆಂಬುದು ಅವನ ಕೈಯಲ್ಲಿರುವುದಿಲ್ಲ.

ಆದುದರಿಂದ ಮಿತಿ ಮುಟ್ಟಿದ ಚೈನನ್ನು ತೆಗೆದುಹಾಕುವುದೇ ರಿಪೇರಿ. ಹೊಸ ಚೈನಿನೊಡನೆ ಮುಂದಿನ ಹಿಂದಿನ ಎರಡು ಹಲ್ಲುಚಕ್ರಗಳನ್ನೂ ಬದಲಾಯಿಸಬೇಕು. ಹಳೆಯ ಹಲ್ಲುಗಳು ಹಳೆಯ ಚೈನಿನ ಬೆಳೆದ ಅಂತರಕ್ಕೆ ಒಗ್ಗಿ ರೂಪಗೆಟ್ಟಿರುತ್ತವೆ. ಅವುಗಳ ಮೇಲೆ ಹೊಸ ಚೈನನ್ನು ಕೂರಿಸಿದರೆ ಅದೂ ಬೇಗನೆ ಹಳೆಯದರ ದಾರಿಯನ್ನೇ ಹಿಡಿಯುತ್ತದೆ. ಅಂಗಡಿಗಳಲ್ಲಿ ಮೂರನ್ನೂ ಸೇರಿಸಿ ಚೈನ್ ಸೆಟ್ಟು ಎಂದು ಮಾರುವುದು ವ್ಯಾಪಾರದ ಹೂಟವೆಂದು ಶಂಕಿಸುವವರಿದ್ದಾರೆ. ಈ ಒಂದು ವಿಷಯದಲ್ಲಿ ವ್ಯಾಪಾರಿಯ ಹಿತವೂ ನಮ್ಮ ಹಿತವೂ ಒಂದೇ.

ಬಿಗಿಯ ಪ್ರಮಾಣದಲ್ಲಿಯೂ ಡರ್ಟ್ ಬೈಕು ಪೇಟೆಯ ಗಾಡಿಯಂತಲ್ಲ. ಪಂದ್ಯದ ಗಾಡಿಯ ಹಿಂದಿನ ಗಾಲಿ ಮೇಲಕ್ಕೂ ಕೆಳಕ್ಕೂ ಸುಮಾರು 300 ಮಿಲಿಮೀಟರು ಆಡಬಲ್ಲುದು. ಹೀಗೆ ಆಡುವಾಗ ಮುಂದಿನ ಹಲ್ಲುಚಕ್ರದಿಂದ ಹಿಂದಿನ ಅಚ್ಚಿಗೆ ಇರುವ ದೂರ ಬದಲಾಗುತ್ತದೆ. ಮುಂದಿನ ಚಕ್ರ, ತೋಳಿನ ಕೀಲು, ಹಿಂದಿನ ಅಚ್ಚು ಈ ಮೂರೂ ಒಂದೇ ಗೆರೆಗೆ ಬಂದಾಗ ಅದು ಅತಿ ಹೆಚ್ಚು. ನಿಂತ ಗಾಡಿಯಲ್ಲಿ ಅಂದವಾಗಿ ಬಿಗಿದ ಚೈನು ಆ ಕ್ಷಣದಲ್ಲಿ ತಂತಿಯಂತಾಗಿ, ಗೇರುಪೆಟ್ಟಿಗೆಯ ಬೇರಿಂಗನ್ನು ಹಿಂದಕ್ಕೆ ಎಳೆಯುತ್ತದೆ. ರಸ್ತೆಯ ಗಾಡಿಗಳಿಗೆ 20ರಿಂದ 30 ಮಿಲಿಮೀಟರಿನ ಜೋಲು ಸಾಕಾದರೆ, ಮಣ್ಣುಹಾದಿಯ ಅನೇಕ ಗಾಡಿಗಳಿಗೆ 35ರಿಂದ 50ರವರೆಗೆ ಬೇಕಾಗುತ್ತದೆ. ಎಲ್ಲಿ ಅಳೆಯಬೇಕೆಂಬುದನ್ನು ಕೈಪಿಡಿಯೇ ಹೇಳಬೇಕು. ಬಿಗಿದ ಮೇಲೆ ತೋಳಿನ ಎರಡು ಪಕ್ಕದ ಗುರುತುಗಳೂ ಒಂದೇ ಮನೆಯಲ್ಲಿವೆಯೆ ಎಂದು ನೋಡಿರಿ. ಇಲ್ಲವಾದರೆ ಗಾಲಿ ಓರೆಯಾಗಿ, ಹಲ್ಲಿನ ಒಂದೇ ಮಗ್ಗುಲು ಸವೆಯುತ್ತದೆ.

ಮೈಸೂರಿನವರಿಗೆ ಇಲ್ಲಿ ಒಂದು ಪ್ರಶ್ನೆ ಏಳಬಹುದು. ಯಾದವಗಿರಿಯಲ್ಲಿ 1960ರ ದಶಕದ ಮೊದಲಿನಿಂದ 1996ರವರೆಗೆ ನಡೆದ ಐಡಿಯಲ್ ಜಾವಾ ಕಾರ್ಖಾನೆಯ ಗಾಡಿಗಳಲ್ಲಿ ಚೈನು ಪೂರ್ತಿಯಾಗಿ ಮುಚ್ಚಿದ ಪೆಟ್ಟಿಗೆಯೊಳಗೆ ಓಡುತ್ತಿತ್ತು. ಧೂಳಿಗೆ ಪ್ರವೇಶವೇ ಕಷ್ಟ. ಅದನ್ನೇ ಇಲ್ಲಿಯೂ ಮಾಡಬಾರದೆ? ಕೆರೆಯ ಕೆಸರಿನಲ್ಲಿ ಹಾಯುವ ಗಾಡಿಗೆ ಅಂಥ ಪೆಟ್ಟಿಗೆ ಕಟ್ಟಿದರೆ ಒಳಹೊಕ್ಕ ಕೆಸರು ಹೊರಬರಲಾರದೆ ಗಟ್ಟಿಯಾಗಿ ಕೂರುತ್ತದೆ. ಗಾಲಿಯ ಅಷ್ಟು ದೊಡ್ಡ ಆಟಕ್ಕೆ ಎಡೆಗೊಡುವಂತೆ ಪೆಟ್ಟಿಗೆಯನ್ನು ಕಟ್ಟುವುದೂ ಸುಲಭವಲ್ಲ. ತೆರೆದ ಚೈನು ಈ ಆಟದ ಸುಂಕ. ಪ್ರತಿ ಸವಾರಿಯ ಮೇಲೂ ತೊಳೆದು ಅದನ್ನು ತೆರಬೇಕು.

ತೊಳೆಯುವುದಕ್ಕೆ ಸೀಮೆಎಣ್ಣೆ ಅಥವಾ ಅದಕ್ಕೆಂದೇ ಮಾರುವ ದ್ರವ, ಮೆತ್ತನೆಯ ಬ್ರಷ್ಷು. ಪೆಟ್ರೋಲು ರಬ್ಬರಿನ ಬಳೆಗಳನ್ನು ಕೆಡಿಸುತ್ತದೆ, ಬೆಂಕಿಯ ಭಯ ಬೇರೆ. ತಂತಿಯ ಬ್ರಷ್ಷು ಬಳೆಗಳನ್ನು ಹರಿಯುತ್ತದೆ. ಸರ್ವೀಸು ಅಂಗಡಿಯ ರಭಸದ ನೀರನ್ನು ಹತ್ತಿರದಿಂದ ಹಿಡಿದರೆ ಬಳೆಯನ್ನು ದಾಟಿ ನೀರು ಒಳಕ್ಕೆ ನುಗ್ಗುತ್ತದೆ. ಒಣಗಿದ ಮೇಲೆ 90ನೆಯ ನಂಬರಿನ ಗೇರ್ ಆಯಿಲನ್ನೋ ಚೈನಿನ ಸ್ಪ್ರೇಯನ್ನೋ ಒಳಮಗ್ಗುಲಿಗೆ ತೆಳ್ಳಗೆ ಹಚ್ಚಿ, ಸ್ವಲ್ಪ ಹೊತ್ತು ಬಿಟ್ಟು, ಹೊರಗೆ ಉಳಿದುದನ್ನು ಒಣಬಟ್ಟೆಯಿಂದ ಒರಸಿಬಿಡಬೇಕು. ಎಂಜಿನಿನಿಂದ ತೆಗೆದ ಹಳೆಯ ಕರಿ ಎಣ್ಣೆಯನ್ನು ಸುರಿಯುವ ಪದ್ಧತಿ ಹೋಗಬೇಕು. ಹೊರಮೈಗೆ ಅಂಟಿದ ಎಣ್ಣೆ ಧೂಳಿಗೆ ಬಲೆ ಹಾಸಿದಂತೆ. ಶಿವಾರಪಟ್ಟಣದ ಕಡೆಯ ಒಂದು ಹೊತ್ತಿನ ಸವಾರಿಯಲ್ಲಿಯೇ ಆ ಬಲೆ ತುಂಬುತ್ತದೆ.

ದೂರದ ಜಾಡಿಗೆ ಹೊರಡುವವರು ತಮ್ಮ ಚೈನಿನ ನಂಬರಿಗೆ ಸರಿಯಾದ ಚೈನ್ ಲಾಕು ಒಂದನ್ನೂ ಪಿನ್ನು ತಳ್ಳುವ ಸಣ್ಣ ಸಲಕರಣೆಯನ್ನೂ ಜೊತೆಗೆ ಇಟ್ಟುಕೊಳ್ಳತಕ್ಕದ್ದು. ದಾರಿಯಲ್ಲಿ ಒಂದು ಹೊರಕೊಂಡಿ ಮುರಿದರೆ ಅದನ್ನು ತೆಗೆದು ಲಾಕನ್ನು ಕೂರಿಸಿ ಊರು ಸೇರಬಹುದು. ಲಾಕಿನ ಕ್ಲಿಪ್ಪಿಗೆ ಒಂದು ತುದಿ ಮುಚ್ಚಿದ್ದು, ಒಂದು ತುದಿ ಸೀಳಿದ್ದು. ಮುಚ್ಚಿದ ತುದಿ ಚೈನು ಓಡುವ ದಿಕ್ಕಿಗೆ ಇರಬೇಕು. ಮೇಲಿನ ಎಳೆಯಲ್ಲಿ ನೋಡಿದರೆ ಗಾಡಿಯ ಮುಂಭಾಗದ ಕಡೆಗೆ. ತಿರುಗುಮುರುಗಾದರೆ ಸೀಳಿದ ತುದಿ ಕಲ್ಲಿಗೋ ಕಡ್ಡಿಗೋ ತಗುಲಿ ಕ್ಲಿಪ್ಪು ಕಳಚಿಕೊಳ್ಳುತ್ತದೆ. ಹೀಗೆ ಜೋಡಿಸಿದ ಚೈನಿನಲ್ಲಿ ಎಳೆತ ಕೊಡದೆ, ಗುಡ್ಡ ಹತ್ತದೆ ನಿಧಾನವಾಗಿ ಮಾಲೂರಿನವರೆಗೋ ಕೋಲಾರದವರೆಗೋ ಬಂದು, ಅಲ್ಲಿ ಇಪ್ಪತ್ತು ಕೊಂಡಿಗಳನ್ನು ಅಳೆದ ಮೇಲೆಯೇ ಮುಂದಿನ ಸವಾರಿಯನ್ನು ಗೊತ್ತುಮಾಡಬಹುದು.